ಕಿಂಗ್ಸ್‌ಫೀಲ್ಡ್ ಮೇಷ್ಟ್ರನ್ನು ಮೆಚ್ಚಬೇಕೆ?

ಪ್ರಿಯ ಓದುಗರೆ,

ಕಾನೂನು ಪದವಿಯ ಮೊದಲ ವರ್ಷದಲ್ಲಿರುವ ನೀವು 1973ರ ‘ದಿ ಪೇಪರ್ ಚೇಸ್’ ಸಿನಿಮಾ ನೋಡಿ ಬರೆದ ಪತ್ರ ತಲುಪಿತು. “ಕಾನೂನು ಓದುವವರು ನೋಡಲೇಬೇಕು ಎಂದು ನಿಮ್ಮ ಪತ್ರಿಕೆ ಬರೆದಿತ್ತು. ನೋಡಿದ ಮೇಲೆ ತರಗತಿಗೆ ಹೋಗಲು ಭಯ, ರಾತ್ರಿ ನಿದ್ದೆಯಿಲ್ಲ. ಹುಡುಗರನ್ನು ಎಲ್ಲರೆದುರು ಅವಮಾನಿಸುವ ಮೇಷ್ಟ್ರನ್ನು ಹೀಗೆ ಮೆರೆಸುವುದು ಸರಿಯೆ?” ಎಂದು ಕೇಳಿದ್ದೀರಿ.

ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಸಿನಿಮಾ ಮೇಷ್ಟ್ರ ಪರ ನಿಂತಿದೆ ಎಂಬುದನ್ನು ನಾನು ಒಪ್ಪಲಾರೆ.

ಕಥೆ ನಡೆಯುವ ಹಾರ್ವರ್ಡ್ ಕಾನೂನು ಕಾಲೇಜಿನ ಆ ಮೊದಲ ತರಗತಿಯನ್ನೇ ನೋಡಿ. ಪ್ರೊಫೆಸರ್ ಕಿಂಗ್ಸ್‌ಫೀಲ್ಡ್ ಕರಾರು ಕಾನೂನಿನ ಪಾಠಕ್ಕೆ ಎತ್ತಿಕೊಳ್ಳುವುದು ಹಾಕಿನ್ಸ್ ಮತ್ತು ಮೆಗೀ ಮೊಕದ್ದಮೆ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿ 1929ರಲ್ಲಿ ನಿಜವಾಗಿಯೂ ತೀರ್ಪಾದದ್ದು. ಹುಡುಗನೊಬ್ಬನ ಅಂಗೈ ಸುಟ್ಟಿರುತ್ತದೆ. ನೂರಕ್ಕೆ ನೂರು ಸರಿಮಾಡುತ್ತೇನೆಂದು ಡಾಕ್ಟರು ಮಾತು ಕೊಟ್ಟು, ಎದೆಯ ಚರ್ಮ ತೆಗೆದು ಅಂಗೈಗೆ ಹಾಕುತ್ತಾರೆ. ಅಲ್ಲಿ ಕೂದಲು ಬೆಳೆಯುತ್ತದೆ. ಈಗ ಪರಿಹಾರವನ್ನು ಯಾವ ಲೆಕ್ಕದಲ್ಲಿ ಕೊಡಬೇಕು? ಹುಡುಗ ಪಟ್ಟ ನೋವಿನ ಲೆಕ್ಕದಲ್ಲೋ, ಅಥವಾ ಡಾಕ್ಟರು ಕೊಡುತ್ತೇನೆಂದ ಕೈಗೂ ಕೊನೆಗೆ ಸಿಕ್ಕ ಕೈಗೂ ಇರುವ ಅಂತರದ ಲೆಕ್ಕದಲ್ಲೋ? ಅಂತರವೇ ಅಳತೆ ಎಂದಿತು ನ್ಯಾಯಾಲಯ. ಕರಾರು ಎಂದರೇನು ಎಂಬುದು ಈ ಒಂದು ಪ್ರಶ್ನೆಯಿಂದ ತಲೆಗೆ ಹೋಗುತ್ತದೆ. ಎಂಥ ಸೊಗಸಾದ ಪ್ರಶ್ನೆ! ಆದರೆ ಆ ದಿನದ ಪಾಠ ಓದಿಕೊಳ್ಳದೆ ಬಂದು ಮೇಷ್ಟ್ರ ಪ್ರಶ್ನೆಗೆ ಸಿಕ್ಕಿಬಿದ್ದ ಕಥಾನಾಯಕ ಹಾರ್ಟ್, ತರಗತಿ ಮುಗಿದದ್ದೇ ಓಡಿಹೋಗಿ ವಾಂತಿ ಮಾಡುತ್ತಾನೆ. ಅವನಿಗೆ ಕಲಿಸಿದ್ದು ಪ್ರಶ್ನೆಯೋ ಭಯವೋ? ಪ್ರಶ್ನೆ ಎಂದೇ ನನ್ನ ನಂಬಿಕೆ. ಉಪನ್ಯಾಸ ಬಿಟ್ಟು, ತೀರ್ಪು ಓದಿಸಿ ಪ್ರಶ್ನೆ ಕೇಳುವ ಈ ಕ್ರಮವನ್ನು ಹಾರ್ವರ್ಡ್‌ನಲ್ಲಿ ಶುರು ಮಾಡಿದವರು 1870ರಲ್ಲಿ ಡೀನ್ ಆದ ಲ್ಯಾಂಗ್ಡೆಲ್. ಆ ಕ್ರಮಕ್ಕೆ ಅವಮಾನದ ಹಂಗೇನೂ ಇಲ್ಲ.

ಮೇಷ್ಟ್ರು ದೊಡ್ಡವರಾಗಿ ಕಾಣುವುದಕ್ಕೆ ಜಾನ್ ಹೌಸ್‌ಮನ್ ಕಾರಣ. ಬದುಕಿನ ಬಹುಪಾಲನ್ನು ನಾಟಕ, ಸಿನಿಮಾಗಳ ನಿರ್ಮಾಣದಲ್ಲಿ ಕಳೆದಿದ್ದ ಅವರು ಎಪ್ಪತ್ತರ ವಯಸ್ಸಿನಲ್ಲಿ ಈ ಪಾತ್ರ ಮಾಡಿ ಪೋಷಕ ನಟನ ಆಸ್ಕರ್ ಗೆದ್ದರು. ಆ ದನಿಗೆ ಯಾರಾದರೂ ತಲೆಬಾಗಿಯಾರು.

ಇನ್ನು ಕೆವಿನ್ ಬ್ರೂಕ್ಸ್. ಓದಿದ್ದೆಲ್ಲ ಅಕ್ಷರಕ್ಕಕ್ಷರ ನೆನಪಿರುವ, ಆದರೆ ಬಿಡಿಸಿ ನೋಡಲು ಬಾರದ ಹುಡುಗ. ವಿಶ್ಲೇಷಣೆ ಬಾರದಿದ್ದರೆ ಆ ನೆನಪು ಪ್ರಯೋಜನಕ್ಕಿಲ್ಲ ಎಂದು ಮೇಷ್ಟ್ರು ತುಂಬಿದ ತರಗತಿಯಲ್ಲೇ ಹೇಳಿಬಿಡುತ್ತಾರೆ. ಮಾತು ಸುಳ್ಳಲ್ಲ. ಆದರೆ ವಿಶ್ಲೇಷಣೆ ಮಾಡುವುದು ಹೇಗೆಂದು ಅವನನ್ನು ಪಕ್ಕಕ್ಕೆ ಕೂರಿಸಿಕೊಂಡು ಹೇಳಿಕೊಡುವವರಿಲ್ಲ. ಮನೆಯಲ್ಲಿ ಬಸುರಿ ಹೆಂಡತಿ. ಇವನು ಸಾಯಲು ಹೊರಡುತ್ತಾನೆ. ಸಿನಿಮಾ ಕಿಂಗ್ಸ್‌ಫೀಲ್ಡರನ್ನು ಮೆರೆಸುವುದೇ ಆಗಿದ್ದರೆ ಕೆವಿನ್‌ನ ಕಥೆ ಅಲ್ಲಿ ಬೇಕಿರಲಿಲ್ಲ. ವರ್ಷವಿಡೀ ಮೇಷ್ಟ್ರನ್ನೇ ಧ್ಯಾನಿಸಿದ ಹಾರ್ಟ್ ಕೊನೆಗೆ ಲಿಫ್ಟಿನಲ್ಲಿ ಮನಸ್ಸು ಬಿಚ್ಚಿ ಮಾತಾಡಿದರೆ, ಅವರು ಅವನ ಹೆಸರು ಕೇಳುತ್ತಾರೆ! ಅವರ ಬಗ್ಗೆ ಸಿನಿಮಾ ಕೊಟ್ಟ ತೀರ್ಪು ಇದೇ ಎಂದು ನಾನು ಓದಿಕೊಂಡಿದ್ದೇನೆ. ಹಾರ್ಟ್ ತನ್ನ ಅಂಕಪಟ್ಟಿಯ ಲಕೋಟೆಯನ್ನು ಬಿಚ್ಚದೆ, ವಿಮಾನ ಮಾಡಿ ಸಮುದ್ರಕ್ಕೆ ತೂರುವುದು ಆಮೇಲೆ.

ಹಾಗಾಗಿ ಸಿನಿಮಾ ನೋಡಿ ಎಂಬ ಶಿಫಾರಸನ್ನು ಹಿಂದಕ್ಕೆ ಪಡೆಯುವುದಿಲ್ಲ.

ಸಿನಿಮಾಕ್ಕಿಂತ ನನ್ನನ್ನು ಕಾಡಿದ್ದು ನಿದ್ದೆಯಿಲ್ಲ ಎಂಬ ನಿಮ್ಮ ಮಾತು. ದಯವಿಟ್ಟು ಅದನ್ನು ಪತ್ರಿಕೆಗೆ ಬರೆದಷ್ಟಕ್ಕೇ ಬಿಡಬೇಡಿ. ಮನೆಯವರಿಗೆ ಹೇಳಿ, ನಿಮಗೆ ನಂಬಿಕೆಯಿರುವ ಅಧ್ಯಾಪಕರೊಬ್ಬರಿಗೆ ಹೇಳಿ. ಹೀಗೇ ಮುಂದುವರಿದರೆ ವೈದ್ಯರನ್ನು ಕಾಣಿ. ಪರೀಕ್ಷೆ ಮುಗಿಯಲಿ ಎಂದು ಕಾಯಬೇಡಿ.

– ಸಂಪಾದಕ