ಬಳ್ಳಾರಿಯ ಮಹಿಳಾ ಕಾಲೇಜಿನಲ್ಲಿ ಓದುತ್ತಾ ಹುಡುಗರ ಪರಿಚಯ, ಭೇಟಿ ಹೇಗೆ?

ಕ್ಲಾಸಲ್ಲಿ ಹುಡುಗರಿಲ್ಲ ಅಂದಮಾತ್ರಕ್ಕೆ ಇನ್‌ಸ್ಟಾಗ್ರಾಂ ಒಂದೇ ದಾರಿಯಲ್ಲ. ಯುವಜನೋತ್ಸವ, ಕೋಚಿಂಗ್ ಕ್ಲಾಸು, ಗ್ರಂಥಾಲಯ ಇವೆ. ಅಲ್ಲಿ ಹುಡುಗನ ನಡತೆ ನಾಲ್ಕು ಜನರ ನಡುವೆ ಗೊತ್ತಾಗುತ್ತೆ.

ಆನ್‌ಲೈನ್ ಪರಿಚಯವಾದರೆ ಮೊದಲು ವಿಡಿಯೋ ಕಾಲ್ ಮಾಡಿ. ಹೆಸರಿನ ಬಗ್ಗೆ ಅನುಮಾನವಿದ್ದರೆ ಅವನ ನಂಬರನ್ನು ಯುಪಿಐ ಆ್ಯಪ್‌ನಲ್ಲಿ ಹಾಕಿ ನೋಡಿ, ಸಾಮಾನ್ಯವಾಗಿ ಬ್ಯಾಂಕ್ ಖಾತೆಯ ಹೆಸರು ಬರುತ್ತೆ (ಅಪ್ಪನ ಖಾತೆಯೂ ಇರಬಹುದು, ಕೇಳಿ). ದುಡ್ಡು ಮಾತ್ರ ಕಳಿಸಬೇಡಿ. ಮೊದಲ ಭೇಟಿ ಹಗಲಲ್ಲೇ ಇರಲಿ, ಜನ ತುಂಬಿರೋ ಒಗ್ಗರಣೆ-ಮಿರ್ಚಿ ಹೋಟೆಲ್ ಸಾಕು. ಗೆಳತಿಗೆ ಲೈವ್ ಲೊಕೇಶನ್ ಕಳಿಸಿ. ಅವನ ಬೈಕ್ ಬೇಡ. ಆಧಾರ್ ತೋರಿಸಿದರೆ ಸರ್ಕಾರಿ ಬಸ್ಸಲ್ಲಿ ಶೂನ್ಯ ಟಿಕೆಟ್ ಸಿಗುತ್ತೆ. ಹಾಸ್ಟೆಲ್ ಗೇಟ್ ಹಾಕೋ ಮುಂಚೆ ತಲುಪೋ ಬಸ್ ಯಾವುದು ಅಂತ ಮೊದಲೇ ವಿಚಾರಿಸಿ.

ಫೋಟೋ ತೋರಿಸಿ ಹೆದರಿಸಿದರೆ ಗಾಬರಿಯಲ್ಲಿ ಚಾಟ್ ಅಳಿಸಬೇಡಿ, ಸಾಕ್ಷಿ ಅದೇ. ಸ್ಕ್ರೀನ್‌ಶಾಟ್ ತೆಗೆದು ತುರ್ತು ಸಹಾಯದ 112 ಅಥವಾ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ.