ಚಟುವಟಿಕೆ ಮಾಡಿಸಿದರೆ ಬರೀ ಗಲಾಟೆ, ಪಾಠ ಮುಗಿಯುವುದಿಲ್ಲ. ಏನು ಮಾಡಲಿ?

ಖಾಸಗಿ ಶಾಲೆ, ಮೂರನೇ ತರಗತಿ, 38 ಮಕ್ಕಳು ಅಂದಿದ್ದೀರಿ. ನಾನು ಸರ್ಕಾರಿ ಶಾಲೆಯಲ್ಲಿ ನಲಿ-ಕಲಿ, ಅಂದರೆ ಚಟುವಟಿಕೆಯಿಂದಲೇ ಕಲಿಸುವ ತರಗತಿ ನೋಡಿಕೊಳ್ಳುವ ಟೀಚರ್. ಮೊದಮೊದಲು ನನಗೂ ಹೀಗೇ ಆಗಿತ್ತು.

ಒಂದು ಸಲ ಕೂಡುವ, ಕಳೆಯುವ ಲೆಕ್ಕಕ್ಕೆ ಅಂತ ತರಗತಿಯಲ್ಲೇ ಸಂತೆ ಹಾಕಿಸಿದೆ. ಬದನೆಕಾಯಿ, ಸೊಪ್ಪು, ಕಾಗದದ ನೋಟು ಎಲ್ಲ ಇತ್ತು. ಮಕ್ಕಳು ಕೂಗಿದ್ದೇ ಕೂಗಿದ್ದು. ಲೆಕ್ಕ ಮಾಡಿದವರು ಇಬ್ಬರೇ, ಅವರಿಗೆ ಮೊದಲೇ ಬರುತ್ತಿತ್ತು. ಉಳಿದವರು ನೋಟು ಇಸ್ಕೊಂಡು ಸೊಪ್ಪು ಕೊಟ್ಟರು, ಅಷ್ಟೇ.

ಈಗ ಒಂದನ್ನೇ ನೋಡುತ್ತೇನೆ. ಮಗು ಕೈಯಲ್ಲಿ ಮಾಡುವ ಕೆಲಸದಲ್ಲೇ ಪಾಠ ಇದೆಯಾ? 52ರಲ್ಲಿ 27 ಕಳೆಯುವುದನ್ನೇ ತಗೊಳ್ಳಿ. 'ಪಕ್ಕದ ಮನೆಯಿಂದ ಸಾಲ ತಗೋ' ಅಂತ ಬೋರ್ಡಿನ ಮೇಲೆ ಎಷ್ಟು ಹೇಳಿಕೊಟ್ಟರೂ ಅರ್ಧ ಮಕ್ಕಳು 7ರಲ್ಲಿ 2 ಕಳೆದು 35 ಅಂತ ಬರೆದಿರುತ್ತಾರೆ. ನಾನು ಪೊರಕೆ ಕಡ್ಡಿ ಮುರಿದು ಹತ್ತು ಹತ್ತರ ಕಟ್ಟು ಮಾಡಿದೆ. ಇಬ್ಬಿಬ್ಬರಿಗೆ ಐದು ಕಟ್ಟು, ಎರಡು ಬಿಡಿ ಕಡ್ಡಿ. '27 ಕಡ್ಡಿ ನನಗೆ ವಾಪಸ್ ಕೊಡಿ' ಅಂದೆ. ಎರಡು ಕಟ್ಟು ತಕ್ಷಣ ಬಂತು. ಇನ್ನು ಏಳು ಬಿಡಿ ಕಡ್ಡಿ ಎಲ್ಲಿಂದ ತರುವುದು? ಎಲ್ಲರೂ ಗಪ್‌ಚಿಪ್. ಕೊನೆಗೆ ಒಬ್ಬಳು ರಬ್ಬರ್ ಬ್ಯಾಂಡಿಗೆ ಕೈ ಹಾಕಿ, 'ಮಿಸ್, ಇದನ್ನ ಬಿಚ್ಚಬಹುದಾ?' ಅಂದಳು. ಅದೇ ಅಲ್ವಾ ಸಾಲ ಅಂದರೆ! ಬಿಚ್ಚಿದರೆ ಬಿಡಿ 12. ಏಳು ಕೊಟ್ಟರೆ ಐದು, ಉಳಿದದ್ದು ಎರಡು ಕಟ್ಟು. ಆಮೇಲೆ ಅದನ್ನೇ ಸ್ಲೇಟಿನಲ್ಲಿ ಬರೆಸಬೇಕು. ಬರೆಸದಿದ್ದರೆ ಕಡ್ಡಿ ಆಟ ಕಡ್ಡಿ ಆಟವಾಗೇ ಉಳಿಯುತ್ತದೆ.

ಗಲಾಟೆಗೆ ಕಾರಣ, 38 ಮಕ್ಕಳಿಗೂ ಒಟ್ಟಿಗೆ ಒಂದೇ ಕೆಲಸ ಕೊಡುವುದು. ನಲಿ-ಕಲಿ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾಗಿದ್ದು. ಆಂಧ್ರದ ರಿಷಿವ್ಯಾಲಿ ಅನ್ನುವ ಶಿಕ್ಷಣ ಸಂಸ್ಥೆಯವರ ಹಳ್ಳಿ ಶಾಲೆಗಳಲ್ಲಿದ್ದ ಪದ್ಧತಿಯನ್ನು ನಮ್ಮ ಶಿಕ್ಷಕರು ಇಲ್ಲಿಗೆ ಹೊಂದಿಸಿಕೊಂಡರು. ಅದರಲ್ಲಿ ಮಕ್ಕಳು ಗುಂಪು ಗುಂಪಾಗಿ ಕೂರುತ್ತಾರೆ, ಗುಂಪಿಗೆ ನಾವು 'ತಟ್ಟೆ' ಅನ್ನುತ್ತೇವೆ. ಟೀಚರ್ ಪೂರ್ತಿ ಸಹಾಯ ಮಾಡಬೇಕಾದವರು ಒಂದು ತಟ್ಟೆ, ಗೆಳೆಯರ ಸಹಾಯ ಸಾಕಾದವರು ಒಂದು, ತಾವೇ ಮಾಡಿಕೊಳ್ಳುವವರು ಇನ್ನೊಂದು. ನಾನು ಮೊದಲನೇ ತಟ್ಟೆಯ ಜೊತೆ ನೆಲದ ಮೇಲೆ ಕೂತುಬಿಡುತ್ತೇನೆ. ನಿಮ್ಮಲ್ಲಿ ಬೆಂಚು ಸರಿಸಲು ಆಗದಿದ್ದರೆ ಕಾರಿಡಾರಿನಲ್ಲಿ ಹತ್ತು ಮಕ್ಕಳನ್ನು ಕೂರಿಸಿದರೂ ನಡೆಯುತ್ತದೆ.

ಪಾಠ ಹಿಂದೆ ಬೀಳುತ್ತದೆ ಅನ್ನುವುದು ಮೊದಲ ತಿಂಗಳಲ್ಲಿ ನಿಜ. ಆದರೆ ಆಮೇಲೆ ಸರಿಹೋಗುತ್ತದೆ. ಕನ್ನಡ ಓದುವುದನ್ನೇ ನೋಡಿ, ನಲಿ-ಕಲಿಯಲ್ಲಿ ವರ್ಣಮಾಲೆಯ ಸಾಲು ಬಿಟ್ಟು ರ, ಗ, ಸ, ದ, ಅ ಇಂದ ಶುರು ಮಾಡುತ್ತಾರೆ. ಐದೇ ಅಕ್ಷರಕ್ಕೆ ಮಗು ಸರ, ಅರಸ, ಗರಗಸ ಅಂತ ಓದಿಬಿಡುತ್ತದೆ. ಮುಂದೆ ಅಷ್ಟು ಟೈಮು ಉಳಿಯುತ್ತದೆ.

ಹಾಗಂತ ಎಲ್ಲದಕ್ಕೂ ಚಟುವಟಿಕೆ ಬೇಡ. ಮಗ್ಗಿಯನ್ನು ನಾನು ಇವತ್ತಿಗೂ ಸಾಲಾಗಿ ನಿಲ್ಲಿಸಿ ಬಾಯಿಪಾಠವೇ ಹೇಳಿಸುತ್ತೇನೆ, ಯಾರು ಏನಾದರೂ ಅಂದುಕೊಳ್ಳಲಿ. ವಾರಕ್ಕೆ ಒಂದು ಲೆಕ್ಕಕ್ಕೆ ಕಡ್ಡಿ ಹಿಡಿಸಿ, ಸಾಕು. ರಬ್ಬರ್ ಬ್ಯಾಂಡ್ ಮಾತ್ರ ಜಾಸ್ತಿ ತಂದಿಟ್ಟುಕೊಳ್ಳಿ. ಶನಿವಾರದ ಹೊತ್ತಿಗೆ ಅರ್ಧ ಹುಡುಗಿಯರ ಜಡೆಯಲ್ಲಿರುತ್ತವೆ.