ಓದುಗರ ಪ್ರಶ್ನೆ: ರೆಸೊನೇಟರ್ ಗಿಟಾರಿಗೆ ಮೈಕೋ, ಪಿಕಪ್ಪೋ?

ಪ್ರಶ್ನೆ: ನನ್ನದು ಒಂದೇ ಕೋನ್ ಇರುವ, ಬಿಸ್ಕೆಟ್ ಬ್ರಿಡ್ಜಿನ (ಕೋನಿನ ತುದಿಯಲ್ಲಿ ಕೂತು ತಂತಿ ಹೊರುವ ಮರದ ಬಿಲ್ಲೆ) ಲೋಹದ ರೆಸೊನೇಟರ್ ಗಿಟಾರ್. ಕೋಣೆಯಲ್ಲಿ ನುಡಿಸಿದರೆ ಕಿವಿಗಡಚಿಕ್ಕುತ್ತದೆ. ಡ್ರಮ್ಸ್, ಬೇಸ್ ಜೊತೆ ವೇದಿಕೆ ಹತ್ತಿದರೆ ಕೇಳಿಸುವುದೇ ಇಲ್ಲ. ಮೈಕ್ ಏರಿಸಿದರೆ ಫೀಡ್‌ಬ್ಯಾಕ್, ಅಂದರೆ ಸ್ಪೀಕರಿನ ಸದ್ದು ಮೈಕಿಗೇ ಮರಳಿ ಏಳುವ ಕೂಗು. ತಂತಿಗಳು ಕೂರುವ ಸ್ಯಾಡಲ್ ಕೆಳಗೆ ಪಿಯೆಜೊ (ಕಂಪನವನ್ನು ವಿದ್ಯುತ್ತಾಗಿಸುವ ಪಿಕಪ್) ಹಾಕಿಸಿದೆ, ತಗಡು ಬಡಿದ ಹಾಗಿದೆ. ಏನು ಮಾಡಲಿ?

ಉತ್ತರ: ಎಲೆಕ್ಟ್ರಿಕ್ ಗಿಟಾರ್ ಇನ್ನೂ ಬಳಕೆಗೆ ಬಾರದ 1920ರ ದಶಕದಲ್ಲಿ, ವಾದ್ಯವೃಂದದ ಸದ್ದಿನ ನಡುವೆ ಗಿಟಾರ್ ಕೇಳಿಸಲೆಂದೇ ಜಾನ್ ಡೋಪೆರಾ ರೂಪಿಸಿದ ವಾದ್ಯ ಇದು. ಒಳಗಿನ ತೆಳು ಅಲ್ಯೂಮಿನಿಯಂ ಕೋನ್ ಸ್ಪೀಕರಿನಂತೆ ಗಾಳಿಯನ್ನು ತಳ್ಳುತ್ತದೆ. ಮಾನಿಟರಿನ (ವೇದಿಕೆಯಲ್ಲಿ ನುಡಿಸುವವರ ಕಡೆ ತಿರುಗಿಸಿದ ಸ್ಪೀಕರ್) ಸದ್ದು ಬಂದು ಬಡಿದರೆ ಅದೇ ಕೋನ್ ಮೈಕಿನ ಪೊರೆಯಂತೆ ಕಂಪಿಸುತ್ತದೆ. ಜೋರು ವಾದ್ಯಕ್ಕೆ ಫೀಡ್‌ಬ್ಯಾಕ್ ಬೇಗ ಬರುವುದು ಇದರಿಂದಲೇ.

ಮೊದಲು ಪಿಯೆಜೊ ವಿಚಾರ, ಏಕೆಂದರೆ ಇದಕ್ಕೆ ಖರ್ಚು ಕಡಿಮೆ. ಅದನ್ನು ನೇರವಾಗಿ ಮಿಕ್ಸರಿನ ಲೈನ್ ಇನ್‌ಪುಟ್ಟಿಗೆ ಚುಚ್ಚಿದ್ದೀರಾ? ಅಲ್ಲಿನ ಇಂಪಿಡೆನ್ಸ್ (ಸಿಗ್ನಲ್ಲಿಗೆ ಒಡ್ಡುವ ತಡೆ) ಸಾಮಾನ್ಯವಾಗಿ ಕೆಲವು ಹತ್ತು ಕಿಲೋ ಓಮ್ ಮಾತ್ರ. ಪ್ಯಾಸಿವ್ (ಬ್ಯಾಟರಿ ಇಲ್ಲದ) ಪಿಯೆಜೊಗೆ ಕನಿಷ್ಠ 1 ಮೆಗಾ ಓಮ್ ಬೇಕು. ಇಲ್ಲದಿದ್ದರೆ ತಗ್ಗಿನ ಸ್ವರಗಳು ಸೋರಿಹೋಗಿ ತಗಡಿನ ಸದ್ದಷ್ಟೇ ಉಳಿಯುತ್ತದೆ. ನಡುವೆ ಪ್ರಿಆಂಪ್ (ಮಿಕ್ಸರಿಗೆ ಮೊದಲು ಸಿಗ್ನಲ್ ಹದಗೊಳಿಸುವ ಪೆಟ್ಟಿಗೆ) ಹಾಕಿ, ಅಲ್ಲಿಯವರೆಗಿನ ಕೇಬಲ್ ಆದಷ್ಟು ಗಿಡ್ಡವಿರಲಿ. ಆಮೇಲೂ ಕರ್ಕಶವೆನಿಸಿದರೆ 1.5ರಿಂದ 3 ಕಿಲೋಹರ್ಟ್ಸ್ ನಡುವೆ 3–6 ಡೆಸಿಬೆಲ್ ತಗ್ಗಿಸಿ.

ಆದರೂ ಡ್ರಮ್ಸ್ ಇರುವ ಬ್ಯಾಂಡಿಗೆ ನಮ್ಮ ಆಯ್ಕೆ, ಫ್ರೆಟ್‌ಬೋರ್ಡ್ ಮುಗಿಯುವಲ್ಲಿ ಅಂಟಿಸುವ ತೆಳು ಮ್ಯಾಗ್ನೆಟಿಕ್ ಪಿಕಪ್. ಅದು ತಂತಿಯ ಕಂಪನವನ್ನಷ್ಟೇ ಹಿಡಿಯುವುದರಿಂದ ಫೀಡ್‌ಬ್ಯಾಕಿಗೆ ಸುಲಭಕ್ಕೆ ಸಿಗುವುದಿಲ್ಲ. ಅದೊಂದನ್ನೇ ಕೇಳಿದರೆ ಬರೀ ಎಲೆಕ್ಟ್ರಿಕ್ ಗಿಟಾರ್. ಕೋನಿನ ಮೂಗುದನಿ ಇರುವುದಿಲ್ಲ. ಅದಕ್ಕೆ ಮೈಕ್ ಬೇಕು. ಶೂರ್ ಎಸ್‌ಎಂ57 ತರಹದ ಕಾರ್ಡಿಯಾಯ್ಡ್ (ಮುಂದಿನ ಸದ್ದನ್ನೇ ಹೆಚ್ಚು ಹಿಡಿಯುವ) ಮೈಕನ್ನು ಕೋನನ್ನು ಮುಚ್ಚಿರುವ ಕವರ್ ಪ್ಲೇಟಿನಿಂದ 10–15 ಸೆಂಟಿಮೀಟರ್ ದೂರದಲ್ಲಿ, ನಟ್ಟನಡುವಿಗಲ್ಲ, ಅಂಚಿನ ಕಡೆಗೆ ತಿರುಗಿಸಿ ಇಡಿ. ಈ ಮೈಕಿಗೆ ಬೆನ್ನಿನ ಕಡೆ ಕಿವಿ ಮಂದ, ಮಾನಿಟರ್ ಅಲ್ಲಿರಲಿ. ಸೂಪರ್‌ಕಾರ್ಡಿಯಾಯ್ಡ್ (ಇನ್ನೂ ಕಿರಿದಾಗಿ ಹಿಡಿಯುವ ಮೈಕ್) ಆದರೆ ಮಂದವಾಗುವುದು ಸುಮಾರು 125 ಡಿಗ್ರಿಯಲ್ಲಿ, ಅಂದರೆ ಹಿಂದಿನ ಎರಡು ಓರೆಗಳಲ್ಲಿ. ಮಾನಿಟರನ್ನೂ ಓರೆಗೆ ಸರಿಸಬೇಕು.

ಇನ್ನು ಎಲ್ಲಕ್ಕಿಂತ ಹೆಚ್ಚು ಫಲ ಕೊಡುವ ಉಪಾಯ: ನಿಮ್ಮ ಮಾನಿಟರಿಗೆ ಪಿಕಪ್ ಮಾತ್ರ ಕಳುಹಿಸಿ, ಮೈಕನ್ನು ಸಭಿಕರ ಸ್ಪೀಕರುಗಳಿಗಷ್ಟೇ ಬಿಡಿ. ಸೌಂಡ್ ಇಂಜಿನಿಯರಿಗೆ ಇದನ್ನು ಮೊದಲೇ ಹೇಳಿ. ಕಾರ್ಯಕ್ರಮದ ನಡುವೆ ಹೇಳಿದರೆ ಯಾರೂ ಕೇಳಿಸಿಕೊಳ್ಳುವುದಿಲ್ಲ.

ಉಳಿದದ್ದು ಇಕ್ಯೂ, ಅಂದರೆ ಆವರ್ತನಗಳನ್ನು ಏರಿಸಿ ಇಳಿಸುವ ಹೊಂದಿಕೆ. ಸುಮಾರು 100 ಹರ್ಟ್ಸ್ ಕೆಳಗಿನದನ್ನು ಕತ್ತರಿಸಿ, ಆ ಜಾಗ ಬೇಸ್ ಗಿಟಾರಿನದು. ವಾಲ್ಯೂಮ್ ನಿಧಾನವಾಗಿ ಏರಿಸುತ್ತ, ಮೊದಲು ಕೂಗುವ ಆವರ್ತನವನ್ನು ಗುರುತಿಸಿ ಕಿರಿದಾಗಿ ತಗ್ಗಿಸಿ. ಇಂಥ ಕಡಿತ ಎರಡೋ ಮೂರೋ ಸಾಕು. ಅದಕ್ಕೂ ಜಗ್ಗದಿದ್ದರೆ ತಪ್ಪು ಇಕ್ಯೂದಲ್ಲ, ಮಾನಿಟರ್ ಇಟ್ಟ ಜಾಗದ್ದು.

ಪ್ರಶ್ನೆ: ಮೈಕ್ ಒಂದೇ ಚೆನ್ನ, ಪಿಕಪ್ ಒಂದೇ ಚೆನ್ನ. ಎರಡೂ ಸೇರಿದರೆ ಸದ್ದು ಟೊಳ್ಳಾಗುತ್ತದೆ. ಯಾಕೆ?

ಉತ್ತರ: ಒಂದೇ ಸದ್ದು ಎರಡು ದಾರಿಯಿಂದ ಬೇರೆ ಬೇರೆ ಹೊತ್ತಿಗೆ ಬಂದು ಸೇರುತ್ತಿದೆ. 15 ಸೆಂಟಿಮೀಟರ್ ಗಾಳಿ ದಾಟಲು ಸದ್ದಿಗೆ ಸುಮಾರು 0.44 ಮಿಲಿಸೆಕೆಂಡ್ ಬೇಕು. ಆ ತಡಕ್ಕೆ 1.1 ಕಿಲೋಹರ್ಟ್ಸ್ ಆಸುಪಾಸಿನ ಸ್ವರಾಂಶಗಳು ಒಂದನ್ನೊಂದು ನುಂಗುತ್ತವೆ. ಪ್ರಿಆಂಪಿನ ಫೇಸ್ ಗುಂಡಿ (ಸಿಗ್ನಲ್ಲನ್ನು ತಲೆಕೆಳಗು ಮಾಡುವುದು) ಒತ್ತಿ ನೋಡಿ, ತುಂಬಿದಂತೆ ಕೇಳುವ ಕಡೆ ಬಿಡಿ. ಡಿಜಿಟಲ್ ಮಿಕ್ಸರ್ ಇದ್ದರೆ ಪಿಕಪ್ ಚಾನೆಲ್ಲಿಗೆ ಅಷ್ಟೇ ತಡ ಕೊಡಬಹುದು. ಎರಡೂ ಇಲ್ಲದವರು ಮೈಕ್ ಚಾನೆಲ್ಲಿನಲ್ಲಿ 250–300 ಹರ್ಟ್ಸ್ ಕೆಳಗಿನದನ್ನು ತೆಗೆದು, ತಗ್ಗಿನ ಹೊಣೆಯನ್ನು ಪಿಕಪ್ಪಿಗೇ ವಹಿಸಲಿ.

ಪ್ರಶ್ನೆ: ಬಿಸ್ಕೆಟ್ಟಿಗೆ ಪಿಯೆಜೊ ನಾನೇ ಅಂಟಿಸಬಹುದೇ?

ಉತ್ತರ: ತಾಳ್ಮೆಯಿದ್ದರೆ ಸರಿ. ತಂತಿಗಳನ್ನು ಸಡಿಲಿಸಿ ಕವರ್ ಪ್ಲೇಟಿನ ಸ್ಕ್ರೂ ತೆಗೆಯಿರಿ. ಕೋನ್ ಒಳಗಿನ ಅಂಚಿನ ಮೇಲೆ ಕೂತಿರುತ್ತದೆ. ತಂತಿಗಳ ಒತ್ತಡವೇ ಅದನ್ನು ಹಿಡಿದಿಟ್ಟಿರುವುದು. ಎತ್ತುವ ಮೊದಲು ಅದು ಕೂತ ದಿಕ್ಕಿಗೆ ಪೆನ್ಸಿಲ್ ಗುರುತು ಹಾಕಿ. ಅಂಚನ್ನಷ್ಟೇ ಹಿಡಿಯಿರಿ, ಬೆರಳು ಒತ್ತಿ ತಗ್ಗು ಬಿದ್ದರೆ ದನಿ ಸತ್ತಂತೆಯೇ. ಪಿಯೆಜೊ ಬಿಲ್ಲೆಯನ್ನು ಮೆತ್ತನೆಯ ಅಂಟಿನಿಂದ ಅಂಟಿಸಬೇಡಿ, ಹೆಚ್ಚಿನ ಸ್ವರಗಳನ್ನು ಅದು ಹೀರಿಬಿಡುತ್ತದೆ. ತೆಳುವಾಗಿ ಗಟ್ಟಿಯಾಗುವ ಅಂಟು ಬಳಸಿ. ಬಿಸ್ಕೆಟ್ಟಿನ ಸ್ಕ್ರೂ ಅಲುಗಾಡದಷ್ಟು ಬಿಗಿಯಿದ್ದರೆ ಸಾಕು. ವಯರ್ ಕೋನಿಗೆ ತಾಗಿದರೆ ಝೇಂಕಾರ ಖಂಡಿತ. ಹಾಗಾಗಿ ಅದನ್ನು ಒಳಗೋಡೆಗೆ ಟೇಪ್ ಹಚ್ಚಿ ಕೂರಿಸಿ. ಲೋಹದ ಒಡಲನ್ನು ಜ್ಯಾಕಿನ ಗ್ರೌಂಡಿಗೆ ಸೇರಿಸಲು ಮರೆತರೆ ಹಮ್ (ಗುಂಯ್ ಎನ್ನುವ ವಿದ್ಯುತ್ ಸದ್ದು) ಬರುತ್ತದೆ.

ಪ್ರಶ್ನೆ: ಮ್ಯಾಗ್ನೆಟಿಕ್ ಪಿಕಪ್ ಹಾಕಿದ ಮೇಲೆ ಎರಡನೇ ತಂತಿ ಮಾತ್ರ ಜೋರು.

ಉತ್ತರ: ಕಂಚು ಸುತ್ತಿದ ತಂತಿಗಳಿರಬೇಕು. ಅಯಸ್ಕಾಂತ ಕಂಚನ್ನು ಕಾಣದು, ಒಳಗಿನ ಉಕ್ಕಿನ ಎಳೆಯಷ್ಟೇ ಅದಕ್ಕೆ ಗೊತ್ತು. ಸುತ್ತಿಲ್ಲದ ಎರಡನೇ ತಂತಿ ಇಡೀ ಉಕ್ಕು. ನಿಕಲ್ ಸುತ್ತಿದ ತಂತಿ ಹಾಕಿ, ಪಿಕಪ್ಪಿನಲ್ಲಿ ತಿರುಗಿಸುವ ಸ್ಕ್ರೂಗಳಿದ್ದರೆ ಎರಡನೆಯದನ್ನು ಕೆಳಗಿಳಿಸಿ.